ವರ್ಷದ ಆಲ್ಬಂ ಯಾವ ವರ್ಷದ್ದು?

ಡಿಸೆಂಬರ್ ಕಾಲಿಡುವ ಹೊತ್ತಿಗೆ ಫೋನಿನೊಳಗಿನ ಸಂಗೀತದ ಆ್ಯಪ್‌ಗಳು ಲೆಕ್ಕ ಒಪ್ಪಿಸಲು ಶುರುಮಾಡುತ್ತವೆ. ಈ ವರ್ಷ ನೀವು ಇಷ್ಟು ಸಾವಿರ ನಿಮಿಷ ಕೇಳಿದಿರಿ, ಇಂಥವರು ನಿಮ್ಮ ನೆಚ್ಚಿನ ಗಾಯಕರು, ಈ ಹಾಡನ್ನು ಇಷ್ಟು ಸಲ ತಿರುಗಿಸಿದಿರಿ ಎಂದು ಬಣ್ಣದ ಚೌಕಗಳಲ್ಲಿ ತೋರಿಸುತ್ತವೆ. ಜನ ಅದನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿಕೊಳ್ಳುತ್ತಾರೆ. ಅದರ ಬೆನ್ನಿಗೇ ಪತ್ರಿಕೆಗಳ ಪಟ್ಟಿಗಳು ಬರುತ್ತವೆ: ವರ್ಷದ ಹತ್ತು ಆಲ್ಬಂಗಳು, ಇಪ್ಪತ್ತೈದು ಹಾಡುಗಳು, ತಪ್ಪದೇ ಕೇಳಬೇಕಾದ ಐವತ್ತು. ಸಂಗೀತದ ಹುಚ್ಚಿರುವವರು ತಮ್ಮದೇ ಪಟ್ಟಿ ಮಾಡಿ ಗೆಳೆಯರಿಗೆ ಕಳಿಸುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ತಾನು ಮೆಚ್ಚಿದ್ದನ್ನು ಇನ್ನೊಬ್ಬರ ಕೈಗಿಡುವುದಕ್ಕಿಂತ ಒಳ್ಳೆಯ ಕೆಲಸ ರಸಿಕನಿಗೆ ಬೇರೊಂದಿಲ್ಲ.

ಆದರೆ ವಿಶಾಖಪಟ್ಟಣದಲ್ಲೋ ವಿಜಯವಾಡದಲ್ಲೋ ಕುಳಿತ ಒಬ್ಬ ಕೇಳುಗ ಇಂಥ ಪಟ್ಟಿ ಬರೆಯಲು ಹೊರಟನೆನ್ನಿ. ಉಕ್ಕಿನ ಕಾರ್ಖಾನೆಯ ಕೆಲಸಕ್ಕೋ ಬಂದರಿನ ಕೆಲಸಕ್ಕೋ ಅಲ್ಲಿ ಹೋಗಿ ನೆಲೆಸಿದ ಕನ್ನಡಿಗನೇ ಆಗಿರಲಿ. ಅಂಗಡಿಯ ಬೋರ್ಡನ್ನು ಅರ್ಧ ಊಹಿಸಿ ಓದಬಲ್ಲವನು, ತೆಲುಗು ಹಾಡನ್ನು ಪೂರ್ತಿ ಅರ್ಥವಾಗದೆಯೂ ಗುನುಗಬಲ್ಲವನು. ಅವನು ಪ್ರಾಮಾಣಿಕನಾಗಿದ್ದರೆ ಮೂರನೆಯ ಸಾಲಿಗೇ ಪೆನ್ನು ನಿಲ್ಲುತ್ತದೆ. ಆ ವರ್ಷ ಅವನು ನಿಜವಾಗಿ ಕೇಳಿ ಕರಗಿದ ಸಂಗೀತ ಆ ವರ್ಷ ಹೊರಬಂದದ್ದಲ್ಲ. ಎಷ್ಟೋ ಸಲ ಅದು ಆಲ್ಬಂ ಕೂಡ ಅಲ್ಲ.

ಆ್ಯಪ್ ಕೊಡುವ ಲೆಕ್ಕವನ್ನೇ ಮೊದಲು ನೋಡಬಹುದು. ಅದು ತನ್ನೊಳಗೆ ನುಡಿದದ್ದನ್ನು ಮಾತ್ರ ಎಣಿಸುತ್ತದೆ. ಬೆಳಿಗ್ಗೆ ಅಡುಗೆಮನೆಯಲ್ಲಿ ಹಾಡಿದ ರೇಡಿಯೊ ಅದಕ್ಕೆ ಕೇಳುವುದಿಲ್ಲ. ವಿಶಾಖಪಟ್ಟಣದ ಕಲಾಭಾರತಿ ಸಭಾಂಗಣದಲ್ಲಿ ಕುಳಿತು ಕೇಳಿದ ಕಛೇರಿ ಅದರ ಪುಸ್ತಕಕ್ಕೆ ಸೇರುವುದಿಲ್ಲ. ಯಾರೋ ಪುಣ್ಯಾತ್ಮರು ಹಳೆಯ ಟೇಪಿನಿಂದ ಇಳಿಸಿ ಯೂಟ್ಯೂಬಿಗೆ ಏರಿಸಿದ ಒಂದು ಗಂಟೆಯ ತೋಡಿಯೂ ಇಲ್ಲ. ಇನ್ನೊಂದು ಸಂಗತಿಯಿದೆ. ಡಿಸೆಂಬರ್ ಮೊದಲ ವಾರಕ್ಕೇ ಫಲಿತಾಂಶ ಹೊರಬೀಳಬೇಕಾದ್ದರಿಂದ ಎಣಿಕೆ ಸುಮಾರು ನವೆಂಬರಿನಲ್ಲೇ ನಿಂತುಬಿಡುತ್ತದೆ. ದಕ್ಷಿಣದ ಶಾಸ್ತ್ರೀಯ ಸಂಗೀತದ ಕೇಳುಗನಿಗೆ ವರ್ಷದಲ್ಲಿ ಕಿವಿ ತುಂಬುವುದೇ ಆಮೇಲೆ. ಚೆನ್ನೈನ ಸಂಗೀತ ಋತು ಡಿಸೆಂಬರಿನಲ್ಲಿ. ಧನುರ್ಮಾಸ ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ. ಅದು ಮುಗಿಯುವ ಹೊತ್ತಿಗೆ ಪುಷ್ಯ ಬಹುಳ ಪಂಚಮಿ, ತ್ಯಾಗರಾಜರ ಆರಾಧನೆ. ಕೊಯ್ಲಿಗೆ ಮುಂಚೆಯೇ ಕಣದ ಲೆಕ್ಕ ಮುಗಿಸುವ ಶಾನುಭೋಗನಂತೆ ಆ್ಯಪ್ ಲೆಕ್ಕ ಮುಚ್ಚಿ ಎದ್ದಿರುತ್ತದೆ.

ಆಲ್ಬಂ ಎನ್ನುವ ಮಾತಿನ ಹುಟ್ಟೂ ಕೌತುಕದ್ದೇ. ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಗ್ರಾಮಾಫೋನ್ ತಟ್ಟೆಯ ಒಂದು ಮಗ್ಗುಲಿಗೆ ಸಾಮಾನ್ಯವಾಗಿ ಕೆಲವೇ ನಿಮಿಷ. ಉದ್ದನೆಯ ಪಾಶ್ಚಾತ್ಯ ಕೃತಿಯೊಂದನ್ನು ಮಾರಬೇಕಾದರೆ ನಾಲ್ಕೈದು ತಟ್ಟೆ ಬೇಕಾಗುತ್ತಿತ್ತು. ಅವನ್ನು ಕಾಗದದ ಚೀಲಗಳಲ್ಲಿಟ್ಟು, ಚೀಲಗಳನ್ನು ಫೋಟೊ ಆಲ್ಬಮ್ಮಿನಂತೆ ರಟ್ಟು ಹಾಕಿ ಹೊಲಿಯುತ್ತಿದ್ದರು. ಹೆಸರು ಬಂದದ್ದು ಆ ರಟ್ಟಿನಿಂದ. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ಲಾಂಗ್ ಪ್ಲೇ ತಟ್ಟೆ ತಂದ ಮೇಲೆ ಒಂದೇ ತಟ್ಟೆಯಲ್ಲಿ ನಲವತ್ತು ನಿಮಿಷ ಹಿಡಿಯತೊಡಗಿತು. ರಟ್ಟು ಹೋಯಿತು, ಹೆಸರು ಉಳಿಯಿತು. ಆ ನಲವತ್ತು ನಿಮಿಷವನ್ನು ಒಂದು ಕೃತಿಯೆಂದು ನೋಡುವ ಅಭ್ಯಾಸ ಅರವತ್ತರ ದಶಕದ ರಾಕ್ ಸಂಗೀತದಿಂದ ಗಟ್ಟಿಯಾಯಿತು. ಎಪ್ಪತ್ತರ ದಶಕದಲ್ಲಿ ನ್ಯೂಯಾರ್ಕಿನ ವಿಲೇಜ್ ವಾಯ್ಸ್ ಪತ್ರಿಕೆ ವಿಮರ್ಶಕರಿಂದ ಮತ ಪಡೆದು ವರ್ಷದ ಆಲ್ಬಂಗಳ ಪಟ್ಟಿ ಮಾಡಲು ಹೊರಟಿತು. ಇವತ್ತು ಎಲ್ಲರೂ ಬರೆಯುವ ಪಟ್ಟಿಯ ಅಚ್ಚು ಅಲ್ಲಿಯದು. ಆ ಊರಿಗೆ, ಆ ಸಂಗೀತಕ್ಕೆ ಅದು ಸರಿಯಾದ ಅಳತೆ. ಕಲಾವಿದ ಎರಡು ವರ್ಷಕ್ಕೊಮ್ಮೆ ಕುಳಿತು ಹತ್ತು ಹಾಡು ಬರೆದು ಒಂದು ಹೊದಿಕೆಯೊಳಗಿಟ್ಟು ಕೊಟ್ಟರೆ, ಆ ವರ್ಷದ ಬೆಳೆ ಹೇಗಿತ್ತು ಎಂದು ಕೇಳುವುದರಲ್ಲಿ ಅರ್ಥವಿದೆ.

ಕನ್ನಡಕ್ಕೂ ಅಂಥದೊಂದು ಕಾಲವಿತ್ತು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಧ್ವನಿಸುರುಳಿ ಬಂತು. ಆಮೇಲೆ ಸಿ. ಅಶ್ವಥ್ ಅವರ ‘ಮೈಸೂರು ಮಲ್ಲಿಗೆ’, ಶಿಶುನಾಳ ಶರೀಫರ ಹಾಡುಗಳು. ಆ ಕ್ಯಾಸೆಟ್ಟುಗಳಿಗೆ ಎ ಮಗ್ಗುಲು, ಬಿ ಮಗ್ಗುಲು ಇತ್ತು. ಯಾವ ಹಾಡಿನ ನಂತರ ಯಾವುದು ಬರುತ್ತದೆಂದು ಮನೆಮಂದಿಗೆಲ್ಲ ಬಾಯಿಪಾಠವಿತ್ತು. ಭಾವಗೀತೆಯ ಕ್ಯಾಸೆಟ್ಟೇ ಕನ್ನಡದ ನಿಜವಾದ ಆಲ್ಬಂ. ಸಿನಿಮಾದ ಹಂಗಿಲ್ಲದೆ ಒಬ್ಬ ಕವಿಯನ್ನೂ ಒಬ್ಬ ರಾಗಸಂಯೋಜಕನನ್ನೂ ನಂಬಿ ಜನ ದುಡ್ಡು ಕೊಟ್ಟು ಮನೆಗೆ ತಂದ ವಸ್ತು ಅದು.

ತೆಲುಗಿನಲ್ಲಾಗಲಿ ಕನ್ನಡದಲ್ಲಾಗಲಿ ಇವತ್ತು ‘ವರ್ಷದ ಆಲ್ಬಂ’ ಎಂದು ಪತ್ರಿಕೆಗಳು ಕೊಡುವ ಪಟ್ಟಿಯಲ್ಲಿ ಹೆಚ್ಚಿನ ಪಾಲು ಸಿನಿಮಾದ ಹಾಡುಗಳು. ಅವು ಆಲ್ಬಂ ಆಗಿಯೂ ಉಳಿದಿಲ್ಲ. ಚಿತ್ರ ಬಿಡುಗಡೆಗೆ ತಿಂಗಳುಗಳ ಮೊದಲಿಂದ ಒಂದೊಂದೇ ಹಾಡನ್ನು ‘ಲಿರಿಕಲ್ ವಿಡಿಯೊ’ ಮಾಡಿ ಬಿಡುತ್ತಾರೆ. ಮೊದಲ ಹಾಡಿಗೆ ಜನ ಕುಣಿದರೆ ಎರಡನೆಯದು. ಕೊನೆಯ ಹಾಡು ಬರುವ ಹೊತ್ತಿಗೆ ಮೊದಲನೆಯದು ಹಳತಾಗಿರುತ್ತದೆ. ಆಮೇಲೆ ಚಿತ್ರ ಗೆದ್ದರೆ ಹಾಡೂ ಪಟ್ಟಿಗೆ ಬರುತ್ತದೆ, ಸೋತರೆ ಒಳ್ಳೆಯ ಹಾಡೂ ಅದರ ಜತೆ ಮುಳುಗುತ್ತದೆ. ವರ್ಷದ ಆಲ್ಬಂ ಎಂಬ ಹೆಸರಿನಲ್ಲಿ ಅಲ್ಲಿ ಎಣಿಸುವುದು ಟಿಕೆಟ್ಟಿನ ಗಲ್ಲಾವನ್ನು. ಇನ್ನು ಅಂಥ ಹಾಡು ಒಂದೇ ರೂಪದಲ್ಲಿ ಉಳಿಯುತ್ತದೆಂಬ ಖಾತ್ರಿಯೂ ಇಲ್ಲ. 2022ರ ‘ಕಾಂತಾರ’ದ ‘ವರಾಹ ರೂಪಂ’ ನೆನಪಿರಬಹುದು. ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ತನ್ನ ‘ನವರಸಂ’ ಹಾಡಿನ ಹೋಲಿಕೆಯ ತಕರಾರು ಎತ್ತಿ ಕೋರ್ಟಿಗೆ ಹೋಯಿತು. ಚಿತ್ರ ಒಟಿಟಿಗೆ ಬಂದಾಗ ಆ ಹಾಡಿಗೆ ಬೇರೆಯದೇ ರಾಗವಿತ್ತು. ಮುಂದೆ ಮೊದಲಿನದು ಮರಳಿತು. ಗ್ರಾಮಾಫೋನ್ ತಟ್ಟೆಯ ಗೀರನ್ನು ಹೀಗೆ ರಾತ್ರೋರಾತ್ರಿ ಬದಲಾಯಿಸಲು ಬರುತ್ತಿರಲಿಲ್ಲ.

ಸಿನಿಮಾ ಹಾಡನ್ನು ಹೀಗಳೆಯುವ ಮಾತಲ್ಲ ಇದು. ಹೀಗಳೆದರೆ ಕನ್ನಡದ ಕಿವಿಗೆ ಉಳಿಯುವುದೇನು? ಗುಂಟೂರು ಸೀಮೆಯ ಎಸ್. ಜಾನಕಿ, ವಿಜಯನಗರದ ಪಿ. ಸುಶೀಲಾ, ಕಾಕಿನಾಡದ ಪಿ.ಬಿ. ಶ್ರೀನಿವಾಸ್, ನೆಲ್ಲೂರಿನ ಎಸ್.ಪಿ. ಬಾಲಸುಬ್ರಹ್ಮಣ್ಯಂ: ಐವತ್ತು ವರ್ಷ ಕನ್ನಡಿಗರು ಪ್ರೀತಿ, ವಿರಹ, ಜೋಗುಳ ಎಲ್ಲವನ್ನೂ ಕೇಳಿದ್ದು ಆಂಧ್ರದ ಕರಾವಳಿಯ ಗಂಟಲುಗಳಿಂದ. ಅದರ ಮೇಲಿನ ಜಗಳ, ಹೆಮ್ಮೆ ಎರಡೂ ಹಳೆಯವು. ಇಲ್ಲಿನ ಪ್ರಶ್ನೆ ಬೇರೆ. ಆ ಕರಾವಳಿಯ ಎರಡು ದೊಡ್ಡ ಊರುಗಳಲ್ಲಿ ಹುಟ್ಟಿ ಬೆಳೆದ ಸಂಗೀತವನ್ನು ವರ್ಷದ ಪಟ್ಟಿಯೊಳಗೆ ಹಿಡಿಯುವ ಬಗೆ ಯಾವುದು?

ವಿಶಾಖಪಟ್ಟಣದಿಂದಲೇ ಆರಂಭಿಸಬೇಕು. ಪಿಟೀಲಿನ ದ್ವಾರಂ ವೆಂಕಟಸ್ವಾಮಿ ನಾಯ್ಡು ಆ ಊರಲ್ಲಿ ಬೆಳೆದವರು, ಹುಟ್ಟಿದ್ದು ಮಾತ್ರ ಬೆಂಗಳೂರಿನಲ್ಲಿ, 1893ರ ನವೆಂಬರ್ 8ರಂದು. ತಂದೆ ಸೇನೆಯಲ್ಲಿದ್ದರು, ನಿವೃತ್ತರಾದ ಮೇಲೆ ಸಂಸಾರ ವಿಶಾಖಪಟ್ಟಣಕ್ಕೆ ಹೋಯಿತು. ಕಣ್ಣು ಮಂದ. ಇಪ್ಪತ್ತಾರರ ವಯಸ್ಸಿಗೆ, 1919ರಲ್ಲಿ, ವಿಜಯನಗರದ ಮಹಾರಾಜರ ಸಂಗೀತ ಕಾಲೇಜಿನಲ್ಲಿ ಪಿಟೀಲಿನ ಮೇಷ್ಟರಾದರು, 1936ರಲ್ಲಿ ಪ್ರಾಂಶುಪಾಲರಾದರು. 1941ರಲ್ಲಿ ಮದ್ರಾಸಿನ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ. ಪಿಟೀಲೆಂದರೆ ಹಾಡುವವರ ಹಿಂದೆ ನೆರಳಿನಂತೆ ನಡೆಯುವ ವಾದ್ಯ ಎಂದು ಊರೆಲ್ಲ ನಂಬಿದ್ದ ಕಾಲದಲ್ಲಿ ಅದೊಂದೇ ಇಡೀ ಕಛೇರಿಯನ್ನು ಹೊರಬಲ್ಲದೆಂದು ತೋರಿಸಿದ ಮೊದಲಿಗರಲ್ಲಿ ಅವರೂ ಒಬ್ಬರು. ಅದೇ ಕಾಲದಲ್ಲಿ ಮೈಸೂರಿನಲ್ಲಿ ಟಿ. ಚೌಡಯ್ಯನವರು ದೊಡ್ಡ ಸಭೆಗೆ ದನಿ ಮುಟ್ಟಲೆಂದು ಪಿಟೀಲಿಗೆ ಏಳು ತಂತಿ ಹಾಕಿದರು. ದ್ವಾರಂ ನಾಲ್ಕೇ ತಂತಿಯಲ್ಲಿ ಉಳಿದರು; ಅವರ ಬಲವೆಲ್ಲ ಕಮಾನಿನ ಉದ್ದದಲ್ಲಿತ್ತು.

ದ್ವಾರಂ ಅವರ ತಟ್ಟೆಗಳನ್ನು ಇವತ್ತು ಕೇಳುವವನಿಗೆ ಮೊದಲು ಕೇಳಿಸುವುದು ಗೀರಿನ ಸದ್ದು, ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ. ಅದರ ಹಿಂದಿನಿಂದ ಪಿಟೀಲು ಬರುತ್ತದೆ. ಕಛೇರಿಯಲ್ಲಿ ಮುಕ್ಕಾಲು ಗಂಟೆ ಹರಡಿಕೊಳ್ಳಬಹುದಾದ ರಾಗವನ್ನು ಮೂರು ನಿಮಿಷಕ್ಕೆ ಮಡಿಸಿಡಬೇಕು; ಹಾಗೆಂದು ಅವಸರ ಕಾಣಿಸಬಾರದು. ಆ ಮೂರು ನಿಮಿಷದಲ್ಲಿ ಅವರು ಒಂದು ಸ್ವರದ ಮೇಲೆ ನಿಲ್ಲುವ ರೀತಿ ನೋಡಿದರೆ, ಹೊತ್ತು ಕಡಿಮೆಯಿದೆ ಎನ್ನುವುದು ಅವರಿಗೆ ಯಾರೂ ಹೇಳಿರಲಿಲ್ಲವೇನೋ ಅನ್ನಿಸುತ್ತದೆ. ಇಂಥ ತಟ್ಟೆಯನ್ನು ಮೊದಲ ಸಲ ಕೇಳಿದ ವರ್ಷವೇ ಕೇಳುಗನ ಪಾಲಿಗೆ ಅದರ ಬಿಡುಗಡೆಯ ವರ್ಷ. ವರ್ಷದ ಪಟ್ಟಿಯ ತಲೆಯ ಮೇಲೆ ಅದನ್ನಿಡಲು ನಾಚಿಕೆ ಯಾಕೆ? ಬೆಂಗಳೂರಿನಲ್ಲಿ ಚೌಡಯ್ಯನವರ ನೆನಪಿಗೆ ಪಿಟೀಲಿನ ಆಕಾರದ ಭವನವೇ ನಿಂತಿದೆ, ಅದರ ಮುಂದೆ ಫೋಟೊ ತೆಗೆಸಿಕೊಳ್ಳದ ಪ್ರವಾಸಿಗನಿಲ್ಲ. ಅದೇ ಊರಲ್ಲಿ ಹುಟ್ಟಿದ ಇನ್ನೊಬ್ಬ ಪಿಟೀಲುಗಾರನ ಒಂದು ತಟ್ಟೆಯನ್ನಾದರೂ ಆ ಊರಿನ ಎಷ್ಟು ಜನ ಕೇಳಿದ್ದಾರು?

ವಿಜಯವಾಡದ ಕತೆ ಇನ್ನೊಂದು ಬಗೆಯದು. ಅಲ್ಲಿನ ಸಂಗೀತದ ಮನೆ ತಟ್ಟೆಯಲ್ಲ, ಬಾನುಲಿ. 1948ರ ಡಿಸೆಂಬರ್ 1ರಂದು ಆಕಾಶವಾಣಿ ಕೇಂದ್ರ ಅಲ್ಲಿ ಕಣ್ಣು ತೆರೆಯಿತು. (ಆಕಾಶವಾಣಿ ಎಂಬ ಹೆಸರು ಮೈಸೂರಿನದು, ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದ ನಡೆಸಿದ ಬಾನುಲಿಗೆ ಇಟ್ಟದ್ದು ಎಂದು ಕನ್ನಡಿಗರು ಅವಕಾಶ ಸಿಕ್ಕಾಗಲೆಲ್ಲ ನೆನಪಿಸುತ್ತಾರೆ. ನೆನಪಿಸಲಿ.) ಆ ಕೇಂದ್ರದಲ್ಲಿ ಒಂದೇ ಕಾಲಕ್ಕೆ ಸೇರಿದ್ದ ಜನರ ಹೆಸರು ಬರೆದರೆ ಅದೇ ಒಂದು ಪಟ್ಟಿಯಾಗುತ್ತದೆ. ಬಾಲಾಂತ್ರಪು ರಜನೀಕಾಂತ ರಾವ್, ಕವಿ, ರಾಗಸಂಯೋಜಕ, ‘ಆಂಧ್ರ ವಾಗ್ಗೇಯಕಾರ ಚರಿತ್ರಮು’ ಬರೆದು 1961ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು. ಮಂಗಳಂಪಲ್ಲಿ ಬಾಲಮುರಳಿಕೃಷ್ಣ. ವೋಲೇಟಿ ವೆಂಕಟೇಶ್ವರಲು. ಶ್ರೀರಂಗಂ ಗೋಪಾಲರತ್ನಂ. ಪಿಟೀಲಿನ ಅನ್ನವರಪು ರಾಮಸ್ವಾಮಿ. ಸರ್ಕಾರಿ ಸಂಬಳದ ನೌಕರಿ, ರಜಿಸ್ಟರಿನಲ್ಲಿ ಸಹಿ, ಸ್ಟುಡಿಯೊದ ಗಡಿಯಾರ. ಅದರ ನಡುವೆ ಇವರು ಮಾಡಿದ ಕೆಲಸವೇ ಬೆಳಗಿನ ‘ಭಕ್ತಿರಂಜನಿ’.

ಹೆಸರು ಕೇಳಿದರೆ ಭಜನೆಯ ಕಾರ್ಯಕ್ರಮ ಅನ್ನಿಸುತ್ತದೆ. ಆದರೆ ಅದರೊಳಗೆ ಏನೆಲ್ಲ ತುಂಬಿದರೆಂದು ನೋಡಬೇಕು. ಬೈರಾಗಿಗಳೂ ಭಿಕ್ಷುಕರೂ ಏಕತಾರಿ ಹಿಡಿದು ಹಾಡುತ್ತಿದ್ದ ತತ್ವಪದಗಳು, ಭದ್ರಾಚಲದ ರಾಮದಾಸರ ಕೀರ್ತನೆಗಳು, ಸದಾಶಿವ ಬ್ರಹ್ಮೇಂದ್ರರ ಸಂಸ್ಕೃತ ಹಾಡುಗಳು, ಅನ್ನಮಾಚಾರ್ಯರ ಸಂಕೀರ್ತನೆಗಳು. ಕಛೇರಿಯ ವೇದಿಕೆ ಹತ್ತಿರ ಸೇರಿಸದಿದ್ದ ಬೀದಿಯ ಹಾಡು, ಕಛೇರಿಯ ವಿದ್ವಾಂಸರ ಗಂಟಲಿನಲ್ಲಿ ಬೆಳಗಿನ ಕಾಫಿಯ ಹೊತ್ತಿಗೆ ಮನೆಮನೆಗೆ ಬಂತು. ಕನ್ನಡದಲ್ಲಿ ಶರೀಫರ ಪದಗಳಿಗೆ ಅಶ್ವಥ್ ಮಾಡಿದ ಉಪಕಾರವನ್ನು ತೆಲುಗಿನ ತತ್ವಪದಗಳಿಗೆ ಬಾಲಮುರಳಿ ಅದಕ್ಕಿಂತ ಮೊದಲೇ ಮಾಡಿದ್ದರು ಎನ್ನಬಹುದು. ವ್ಯತ್ಯಾಸ ಇಷ್ಟೇ: ಶರೀಫರ ಹಾಡು ಕ್ಯಾಸೆಟ್ಟಿನಲ್ಲಿ ಬಂತು, ಹೊದಿಕೆಯ ಮೇಲೆ ಹೆಸರುಗಳಿದ್ದವು, ಅಂಗಡಿಯಲ್ಲಿ ಕೊಳ್ಳಬಹುದಿತ್ತು. ಭಕ್ತಿರಂಜನಿ ಗಾಳಿಯಲ್ಲಿ ಬಂದು ಗಾಳಿಯಲ್ಲಿ ಹೋಯಿತು. ಮನೆಯ ಟೇಪ್ ರೆಕಾರ್ಡರನ್ನು ರೇಡಿಯೊದ ಬಾಯಿಗಿಟ್ಟು ಹಿಡಿದುಕೊಂಡವರ ಹತ್ತಿರ ಒಂದಷ್ಟು ಉಳಿದಿದೆ, ಕುಕ್ಕರಿನ ಸೀಟಿಯ ಸಮೇತ.

ಬಾಲಮುರಳಿ ಕನ್ನಡಕ್ಕೆ ಹೊರಗಿನವರೇನಲ್ಲ. ಗೋದಾವರಿ ಸೀಮೆಯ ಶಂಕರಗುಪ್ತದಲ್ಲಿ 1930ರಲ್ಲಿ ಹುಟ್ಟಿ, ವಿಜಯವಾಡದಲ್ಲಿ ಪಾರುಪಲ್ಲಿ ರಾಮಕೃಷ್ಣಯ್ಯ ಪಂತುಲು ಅವರಲ್ಲಿ ಕಲಿತು, ಎಂಟನೆಯ ವಯಸ್ಸಿಗೆ ಆ ಊರಿನಲ್ಲೇ ಕಛೇರಿ ಮಾಡಿದ ಹುಡುಗ. ಮುಂದೆ ಅಲ್ಲಿಯ ಸರ್ಕಾರಿ ಸಂಗೀತ ಕಾಲೇಜಿನ ಮೊದಲ ಪ್ರಾಂಶುಪಾಲರು. ಅನಕೃ ಕಾದಂಬರಿಯಿಂದ ಬಂದ ‘ಸಂಧ್ಯಾರಾಗ’ದಲ್ಲಿ (1966) ಭೀಮಸೇನ ಜೋಶಿಯವರೂ ಬಾಲಮುರಳಿಯವರೂ ಹಾಡಿದರು. ತರಾಸು ಅವರ ‘ಹಂಸಗೀತೆ’ಯನ್ನು ಜಿ.ವಿ. ಅಯ್ಯರ್ 1975ರಲ್ಲಿ ತೆರೆಗೆ ತಂದಾಗ ಚಿತ್ರದುರ್ಗದ ಭೈರವಿ ವೆಂಕಟಸುಬ್ಬಯ್ಯನಿಗೆ ದನಿಯಾದದ್ದು ಬಾಲಮುರಳಿ. ಅದಕ್ಕೇ ಅವರಿಗೆ ಹಿನ್ನೆಲೆ ಗಾಯನದ ರಾಷ್ಟ್ರಪ್ರಶಸ್ತಿ ಬಂತು. ‘ಮಧ್ವಾಚಾರ್ಯ’ಕ್ಕೆ ಸಂಗೀತ ನಿರ್ದೇಶನದ ರಾಷ್ಟ್ರಪ್ರಶಸ್ತಿ. ಚಿತ್ರದುರ್ಗದ ಕೋಟೆಯ ಕತೆಗೆ ಕೃಷ್ಣಾ ತೀರದ ಕಂಠ. ಪಟ್ಟಿ ಬರೆಯುವ ಕನ್ನಡಿಗನಿಗೆ ವಿಜಯವಾಡ ಪರದೇಶವಲ್ಲ ಎನ್ನಲು ಇನ್ನೇನು ಬೇಕು.

ವೋಲೇಟಿಯವರ ವಿಷಯಕ್ಕೆ ಬಂದರೆ ಪಟ್ಟಿಯ ಲೆಕ್ಕಾಚಾರ ಪೂರ್ತಿ ತಲೆಕೆಳಗಾಗುತ್ತದೆ. 1928ರಿಂದ 1989ರವರೆಗೆ ಬದುಕಿದವರು, ಶ್ರೀಪಾದ ಪಿನಾಕಪಾಣಿಯವರಲ್ಲಿ ಕಲಿತವರು, ಬಡೇ ಗುಲಾಂ ಅಲಿ ಖಾನರ ಗಾಯನಕ್ಕೆ ಮನಸೋತು ಅದರ ನೆರಳನ್ನು ಕರ್ನಾಟಕ ಸಂಗೀತದ ಚೌಕಟ್ಟು ಮುರಿಯದಂತೆ ತಂದುಕೊಂಡವರು. ಬಲ್ಲವರು ಅವರನ್ನು ಹಾಡುಗಾರರ ಹಾಡುಗಾರ ಎನ್ನುತ್ತಾರೆ. ಅವರ ಕೀರ್ತಿ ನಿಂತಿರುವುದು ರೇಡಿಯೊ ಮುದ್ರಣಗಳ ಮೇಲೆ, ಕಛೇರಿಯಲ್ಲಿ ಯಾರೋ ಹಿಡಿದ ಟೇಪುಗಳ ಮೇಲೆ. ಅಂಥ ಟೇಪಿಗೆ ಹೊದಿಕೆಯಿಲ್ಲ, ನಂಬರಿಲ್ಲ, ಎಷ್ಟೋ ಸಲ ತಾರೀಖೂ ಇಲ್ಲ. ಯಾವ ವರ್ಷದ ಪಟ್ಟಿಗೆ ಸೇರಿಸಬೇಕು ಅದನ್ನು? ನೇದುನೂರಿ ಕೃಷ್ಣಮೂರ್ತಿಯವರ ಪಾಲಿಗೆ ಇನ್ನೊಂದು ತರಹದ ಮರೆವು. ವಿಜಯನಗರದಲ್ಲಿ ಕಲಿತು, ಸರ್ಕಾರಿ ಸಂಗೀತ ಕಾಲೇಜುಗಳಲ್ಲಿ ಪ್ರಾಂಶುಪಾಲರಾಗಿದ್ದು, 1991ರಲ್ಲಿ ಸಂಗೀತ ಕಲಾನಿಧಿಯಾಗಿ, ಕೊನೆಗೆ ವಿಶಾಖಪಟ್ಟಣದಲ್ಲಿ ನೆಲೆಸಿ, 2014ರ ಡಿಸೆಂಬರಿನಲ್ಲಿ ಅಲ್ಲಿಯೇ ತೀರಿಕೊಂಡರು. ಅನ್ನಮಾಚಾರ್ಯರ ಎಷ್ಟೋ ಸಂಕೀರ್ತನೆಗಳಿಗೆ ಅವರು ಹಾಕಿದ ರಾಗಗಳೇ ಇವತ್ತು ಎಲ್ಲರ ಬಾಯಲ್ಲಿರುವುದು, ಎಂ.ಎಸ್. ಸುಬ್ಬುಲಕ್ಷ್ಮಿಯವರೂ ಹಾಡಿದರು, ಕರ್ನಾಟಕದ ಭಜನಾ ಮಂಡಳಿಗಳೂ ಹಾಡುತ್ತವೆ. ಹಾಡುವವರಿಗೆ ಅನ್ನಮಯ್ಯ ಗೊತ್ತು, ಎಂ.ಎಸ್. ಗೊತ್ತು. ನಡುವೆ ರಾಗ ಹಾಕಿದವರ ಹೆಸರು ಬಿದ್ದುಹೋಗಿದೆ.

ಇಲ್ಲಿಗೆ ಬಂದಾಗ ಒಂದು ಆಕ್ಷೇಪ ಏಳುತ್ತದೆ, ಏಳಬೇಕಾದದ್ದೇ. ವರ್ಷದ ಪಟ್ಟಿಯಲ್ಲೂ ಸತ್ತವರನ್ನೇ ತುಂಬಿದರೆ ಬದುಕಿರುವವರ ಗತಿಯೇನು? ಹಳೆಯ ಟೇಪು ಪುಕ್ಕಟೆ. ಹೊಸ ಹುಡುಗಿಯ ಕಛೇರಿಗೆ ಟಿಕೆಟ್ಟು, ಬಸ್ ಚಾರ್ಜು, ಮೂರು ಗಂಟೆ ಹೊತ್ತು. ಹಿಂದಿನವರ ಹಾಗೆ ಈಗ ಯಾರಿದ್ದಾರೆ ಎನ್ನುವ ರಸಿಕ ಮನೆಯಲ್ಲೇ ಕುಳಿತು ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡರೆ ಸಭೆಯ ಕುರ್ಚಿ ಖಾಲಿ. ವರ್ಷದ ಪಟ್ಟಿ ಎನ್ನುವ ಪದ್ಧತಿಯ ನಿಜವಾದ ಉಪಯೋಗವೇ ಇದು: ಇಷ್ಟವಿರಲಿ ಬಿಡಲಿ, ಈ ವರ್ಷ ಹೊಸದಾಗಿ ಬಂದದ್ದೇನು ಎಂದು ಒಂದು ಸಲವಾದರೂ ಕೇಳುವಂತೆ ಮಾಡುತ್ತದೆ. ಈ ಆಕ್ಷೇಪಕ್ಕೆ ಪೂರ್ತಿ ಉತ್ತರ ಕೊಡಲು ಬರುವುದಿಲ್ಲ. ಹಳೆಯದರ ಮೇಲಿನ ಪ್ರೀತಿ ಬಹಳ ಸಲ ಸೋಮಾರಿತನದ ಇನ್ನೊಂದು ಹೆಸರು.

ಆದರೂ ಈ ಎರಡು ಊರುಗಳ ಮಟ್ಟಿಗೆ ಹಳೆಯದೂ ಹೊಸದೂ ಅಷ್ಟು ದೂರವಿಲ್ಲ. ವಿಜಯವಾಡದ ಮಲ್ಲಾದಿ ಸಹೋದರರು ಇವತ್ತು ವೇದಿಕೆಯ ಮೇಲಿದ್ದಾರೆ. ತಂದೆ ಮಲ್ಲಾದಿ ಸೂರಿಬಾಬು ವೋಲೇಟಿಯವರ ಶಿಷ್ಯರು, ಸಹೋದರರು ಪಿನಾಕಪಾಣಿ, ನೇದುನೂರಿ ಇಬ್ಬರಿಂದಲೂ ಪಾಠ ಹೇಳಿಸಿಕೊಂಡವರು. ಅವರ ಕಛೇರಿಯಿಂದ ಮನೆಗೆ ಬಂದು ವೋಲೇಟಿಯವರ ಹಳೆಯ ಮುದ್ರಣ ಹಚ್ಚಿದವನಿಗೆ, ಬೆಳಿಗ್ಗೆ ಮೊಮ್ಮಗನನ್ನು ನೋಡಿ ಸಂಜೆ ಅಜ್ಜನ ಫೋಟೊ ನೋಡಿದಂತೆ, ಒಂದು ಹುಬ್ಬಿನ ಕೊಂಕು ಎರಡೂ ಕಡೆ ಕಂಡು ಖುಷಿಯಾಗುತ್ತದೆ. ಅಂಥವನ ಪಟ್ಟಿಯಲ್ಲಿ ಹಳೆಯ ಟೇಪು ಹೊಸ ಕಛೇರಿಯ ಜಾಗ ಕಸಿಯುವುದಿಲ್ಲ, ಅದಕ್ಕೆ ಕಿವಿ ಸಿದ್ಧಮಾಡುತ್ತದೆ. ಮನೆಯಲ್ಲಿ ಕುಳಿತು ಒಂದು ಟೇಪು ಕೇಳಿದರೆ ಹೊರಗೆ ಹೋಗಿ ಒಂದು ಕಛೇರಿ ಕೇಳಬೇಕು ಎಂಬ ಕಟ್ಟಳೆಯನ್ನು ಪಟ್ಟಿ ಮಾಡುವ ರಸಿಕರು ತಮಗೆ ತಾವೇ ಹಾಕಿಕೊಂಡರೆ ಜಗಳ ಅರ್ಧ ಮುಗಿಯುತ್ತದೆ. ಪಟ್ಟಿಯಲ್ಲಿ ಕಛೇರಿಗೂ ಜಾಗವಿರಲಿ. ಕಲಾಭಾರತಿಯಲ್ಲಿ ಇಂಥ ಸಂಜೆ, ತುಮ್ಮಲಪಲ್ಲಿ ಕಲಾಕ್ಷೇತ್ರದಲ್ಲಿ ಇಂಥ ಸಂಜೆ ಎಂದು ಬರೆದರೆ ಯಾವ ಆ್ಯಪ್ ಬೇಡ ಅನ್ನುತ್ತದೆ?

ಇನ್ನೊಂದು ಮಾತು ಪಕ್ಕವಾದ್ಯದವರದು. ಎಲ್.ಪಿ. ತಟ್ಟೆಯ ಹಿಂಬದಿಯಲ್ಲಿ ಪಿಟೀಲು ಯಾರು, ಮೃದಂಗ ಯಾರು ಎಂದು ಬರೆದಿರುತ್ತಿತ್ತು. ಕ್ಯಾಸೆಟ್ಟಿನ ಹೊದಿಕೆಯಲ್ಲಿ ಅಕ್ಷರ ಸಣ್ಣದಾಯಿತು, ಆದರೂ ಇತ್ತು. ಆ್ಯಪಿನಲ್ಲಿ ಬಹುತೇಕ ಹಾಡುಗಾರರ ಹೆಸರೊಂದೇ ಉಳಿದಿದೆ. ವರ್ಷದ ಪಟ್ಟಿಗಳು ಅದನ್ನೇ ನಕಲು ಮಾಡುತ್ತವೆ. ಅನ್ನವರಪು ರಾಮಸ್ವಾಮಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ ತೊಂಬತ್ತು ದಾಟಿತ್ತು. ಪಾರುಪಲ್ಲಿಯವರ ಶಿಷ್ಯರಾಗಿ, ಆಕಾಶವಾಣಿಯ ನಿಲಯ ಕಲಾವಿದರಾಗಿ, ಬಾಲಮುರಳಿಯವರೂ ಸೇರಿ ಎಷ್ಟೋ ಮಂದಿಯ ಬದಿಯಲ್ಲಿ ಕುಳಿತು ದಶಕಗಳ ಕಾಲ ನುಡಿಸಿದವರು. ಹಳೆಯ ಟೇಪೊಂದರಲ್ಲಿ ಗಾಯಕರ ಸಂಗತಿಯೊಂದನ್ನು ಎತ್ತಿಕೊಂಡು, ಅದಕ್ಕೆ ತನ್ನದೊಂದು ತಿರುವು ಕೊಟ್ಟು ಮರಳಿಸುವ ಪಿಟೀಲು ಕೇಳಿ ‘ಆಹಾ’ ಎಂದ ಕೇಳುಗನಿಗೆ, ಅದು ಯಾರದೆಂದು ತಿಳಿಯುವ ದಾರಿಯೇ ಇಲ್ಲದಿದ್ದರೆ ಆ ಮೆಚ್ಚುಗೆ ಎಲ್ಲಿಗೆ ಹೋಗಿ ಸೇರಬೇಕು? ಯೂಟ್ಯೂಬಿನ ಕಾಮೆಂಟುಗಳಲ್ಲಿ ವಯಸ್ಸಾದವರು ಕಮಾನಿನ ಸದ್ದಿನಿಂದಲೇ ಗುರುತು ಹಿಡಿದು ಹೆಸರು ಬರೆಯುವುದುಂಟು. ಸಂಸ್ಥೆಗಳು ಮಾಡಬೇಕಾದ ಕೆಲಸ ಅವರು ಮಾಡುತ್ತಿದ್ದಾರೆ. ಅವರು ಇನ್ನೆಷ್ಟು ವರ್ಷ ಇರುತ್ತಾರೆ?

ಆಕಾಶವಾಣಿ ತನ್ನ ಭಂಡಾರದಿಂದ ಆಗಾಗ ಸಿ.ಡಿ.ಗಳನ್ನು ಹೊರತಂದಿದೆ, ಯೂಟ್ಯೂಬಿಗೂ ಹಾಕುತ್ತಿದೆ. ಒಳ್ಳೆಯದೇ. ಆದರೆ ಯಾವ ಕೇಂದ್ರದಲ್ಲಿ ಏನಿದೆ ಎಂಬ ಸೂಚಿ ಕೇಳುಗನ ಕೈಗೆ ಸಿಗಬೇಕು. ಹಾಡು ಸಿಗುವುದು ಆಮೇಲಾದರೂ ಆಗಲಿ. ಮೊದಲು ಹೆಸರು, ತಾರೀಖು, ಪಕ್ಕವಾದ್ಯ, ರಾಗ, ಇಷ್ಟಿರುವ ಒಂದು ಪಟ್ಟಿ. ವರ್ಷಾಂತ್ಯದ ನೂರು ಪಟ್ಟಿಗಳಿಗಿಂತ ಆ ಒಂದು ಪಟ್ಟಿ ಬೆಲೆಬಾಳುತ್ತದೆ. ಇದು ಜನರ ಲೈಸೆನ್ಸ್ ಹಣದಿಂದ, ತೆರಿಗೆ ಹಣದಿಂದ ಮುದ್ರಿಸಿದ ಸಂಗೀತ. ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ದುಡ್ಡು ಕಟ್ಟಿ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡು ಬರುತ್ತಿದ್ದ ತಲೆಮಾರು ಅದರ ಬೆಲೆಯನ್ನು ಮುಂಗಡವಾಗಿಯೇ ಕೊಟ್ಟಿದೆ.

ಕಾನೂನು ಈ ವಿಷಯದಲ್ಲಿ ಅಷ್ಟೇನೂ ಕಠೋರವಾಗಿಲ್ಲ. ಭಾರತದಲ್ಲಿ ಧ್ವನಿಮುದ್ರಣದ ಹಕ್ಕುಸ್ವಾಮ್ಯ, ಅದು ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ. ಅದು ಕಳೆದ ಮೇಲೆ ಆ ಮುದ್ರಣ ಎಲ್ಲರ ಸ್ವತ್ತು. ದ್ವಾರಂ 1964ರ ನವೆಂಬರಿನಲ್ಲಿ ತೀರಿಕೊಂಡರು. ಅವರು ಬದುಕಿದ್ದಾಗ ಹೊರಬಂದ ತಟ್ಟೆಗಳೆಲ್ಲ 2025ರ ಜನವರಿ 1ರ ಹೊತ್ತಿಗೆ ಬಿಡುಗಡೆಯಾದವು. ತ್ಯಾಗರಾಜರ ಕೃತಿಯಾದರೆ ಸಾಹಿತ್ಯ, ರಾಗದ ಮೇಲೂ ಯಾರ ಹಕ್ಕೂ ಇಲ್ಲ. ಸಿನಿಮಾ ಹಾಡಿನದು ಸ್ವಲ್ಪ ತೊಡಕು: ಬರೆದವರು, ರಾಗ ಹಾಕಿದವರು ತೀರಿಕೊಂಡ ಮೇಲೂ 60 ವರ್ಷ ಅವರವರ ಕೃತಿಯ ಹಕ್ಕು ಬೇರೆಯಾಗಿ ಉಳಿಯುತ್ತದೆ. ಅಮೆರಿಕದಲ್ಲಿ ಧ್ವನಿಮುದ್ರಣಗಳಿಗೆ ಈ ಬಿಡುಗಡೆ ಬಹಳ ತಡವಾಗಿ ಬಂತು. 1923ಕ್ಕಿಂತ ಹಿಂದಿನವು ಅಲ್ಲಿ ಸಾರ್ವಜನಿಕವಾದದ್ದು 2022ರ ಜನವರಿ 1ಕ್ಕೆ. ಆದರೆ ಅಲ್ಲಿನ ಗ್ರಂಥಾಲಯಗಳೂ ವಿಶ್ವವಿದ್ಯಾಲಯಗಳೂ ಆ ದಿನವನ್ನು ಹಬ್ಬದಂತೆ ಆಚರಿಸುತ್ತವೆ, ಈ ವರ್ಷ ಜನರಿಗೆ ಏನೇನು ಬಂತೆಂದು ಸಾರುತ್ತವೆ.

ಇಲ್ಲಿ ಆ ದಿನ ಸದ್ದಿಲ್ಲದೆ ಕಳೆಯುತ್ತದೆ. ಪ್ರತಿ ಜನವರಿ 1ಕ್ಕೂ ಒಂದು ಇಡೀ ವರ್ಷದ ತಟ್ಟೆಗಳು, ತೆಲುಗಿನವು, ಕನ್ನಡದವು, ಪಿಟೀಲಿನವು, ನಾದಸ್ವರದವು, ಹರಿಕತೆಯವು, ಕೇಳುಗರ ಮಡಿಲಿಗೆ ಬೀಳುತ್ತವೆ. ಡಿಸೆಂಬರಿನಲ್ಲಿ ಅಷ್ಟೊಂದು ಪಟ್ಟಿ ಬರೆಯುವವರು ಯಾರೂ ಅವತ್ತು ಪೆನ್ನು ಎತ್ತಿಕೊಳ್ಳುವುದಿಲ್ಲ. ವಿಶಾಖಪಟ್ಟಣದ ಆ ಕನ್ನಡಿಗ ಕೇಳುಗ ಹತ್ತು ದಿನ ತಡಮಾಡಿ, ಧನುರ್ಮಾಸದ ನಡುವೆ, ಆ ಪಟ್ಟಿ ಬರೆಯಲು ಕೂತರೆ ಅವನಿಗೆ ಬೇಕಾದಷ್ಟು ಕೆಲಸವಿದೆ. ಹಳೆಯ ಕಂಪನಿಗಳ ಕ್ಯಾಟಲಾಗು ಹುಡುಕಬೇಕು, ಸಂಗ್ರಾಹಕರಿಗೆ ಫೋನು ಮಾಡಬೇಕು, ತಟ್ಟೆಯ ನಡುವಿನ ಚೀಟಿಯಲ್ಲಿ ಅಳಿಸಿಹೋದ ಅಕ್ಷರ ಓದಬೇಕು, ಪಿಟೀಲು ಯಾರದೆಂದು ವಿಜಯವಾಡದ ಹಿರಿಯರೊಬ್ಬರನ್ನು ಕೇಳಬೇಕು. ‘ಸಂಧ್ಯಾರಾಗ’ದ ಹಾಡುಗಳ ತಟ್ಟೆ ಚಿತ್ರದ ಜತೆಗೇ 1966ರಲ್ಲಿ ಬಂದಿದ್ದರೆ, ಆ ಮುದ್ರಣದ ಸರದಿ 2027ರ ಜನವರಿ 1ಕ್ಕೆ.